ಗೂಡಿನಲ್ಲಿಟ್ಟ ಕಣ್ಣಿನ ಔಷಧಿ

ಆಗ ನಮ್ಮ ಕಡೆ ಅಟ್ಟದ ಕಾಯಿ ಇಳಿಸುವುದೆಂದರೆ ಮನೆಮಂದಿಗೆಲ್ಲ ಕೆಲಸ. ವರ್ಷವೆಲ್ಲ ಒಲೆಯ ಹೊಗೆ ಕುಡಿದು ಒಣಗಿದ ಕಾಯಿ. ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದರೆ ಒಳಗೆ ಕೊಬ್ಬರಿ ಲೊಟಲೊಟ ಅನ್ನುತ್ತಿತ್ತು. ಅಪ್ಪ ಸುಲಿಯುತ್ತಿದ್ದ, ಅವ್ವ ಕರಟ ಒಡೆಯುತ್ತಿದ್ದಳು, ನಾನೂ ತಂಗಿ ಗಂಗಿಯೂ ಸುಲಿದ ಸಿಪ್ಪೆಯ ಮಟ್ಟೆ ಎಳೆದು ರಾಶಿ ಹಾಕುತ್ತಿದ್ದೆವು. ಮೂಗಿನ ತುಂಬ ಹಳೇ ನಾರಿನ ದೂಳು, ಬೂಷ್ಟಿನ ವಾಸನೆ. ಚೂರಾದ ಕೊಬ್ಬರಿಗೆ ಬೆಲ್ಲ ಸೇರಿಸಿ ನಮಗೆ ಕೊಡುತ್ತಿದ್ದರು. ಕೆಲಸ ಮುಗಿದರೆ ಜಗಲಿಯ ಮೇಲೆ ಕಲ್ಲಾಟ. ಮೇಲಕ್ಕೆಸೆದ ಕಲ್ಲು ಗಂಗಿಯ ಕೈ ಬಿಟ್ಟು ಬೇರೆ ಕಡೆ ಬೀಳುತ್ತಿರಲಿಲ್ಲ.

ತೆಂಗಿನವರ ಮನೆಯಲ್ಲಿ ಏನನ್ನೂ ಎಸೆಯುವುದಿಲ್ಲ. ನಾರು ಹಗ್ಗಕ್ಕೆ, ಮಟ್ಟೆ ಕರಟ ಒಲೆಗೆ. ಹಾಗೇ ಅಪ್ಪನ ಕಣ್ಣಿನ ಔಷಧಿಯೂ ಉಳಿದಿತ್ತು. ಒಮ್ಮೆ ಅಪ್ಪನ ಕಣ್ಣು ಒಳಗೆ ಊದಿ, ಬೆಳಕು ನೋಡಲಾಗದೆ ಕೂತಿದ್ದಾಗ ತಿಪಟೂರಿನ ಡಾಕ್ಟರು ಕೊಟ್ಟಿದ್ದ ಸ್ಟೀರಾಯ್ಡ್ ಹನಿ ಅದು. ಕಡಿಮೆ ಮಾಡುತ್ತಾ ಬಂದು ನಿಲ್ಲಿಸಿ, ಮಿಕ್ಕಿದ್ದನ್ನು ಎಸೆಯಿರಿ ಅಂದಿದ್ದರು. ಅಪ್ಪನಿಗೆ ವಾಸಿಯಾಯಿತು. ಬಾಟ್ಲಿಯನ್ನು ಅವ್ವ ಗೋಡೆಯ ಗೂಡಿನಲ್ಲಿಟ್ಟಳು.

ಮುಂದಿನ ಸಲ ಕಾಯಿ ಇಳಿಸಿ ಸುಲಿಯುತ್ತಿದ್ದಾಗ, ಎಳೆಯುತ್ತಿದ್ದ ಮಟ್ಟೆಯ ಚೂಪು ತುದಿ ಗಂಗಿಯ ಎಡಗಣ್ಣಿಗೆ ಗೀರಿತು. ಸಂಜೆಗೆ ಕಣ್ಣು ಕೆಂಡವಾಗಿತ್ತು.

"ಡಾಕ್ಟ್ರ ತಾವ ಹೋಗಾನ ಕಣೇ," ಅಂದ ಅಪ್ಪ.

"ಕಾಯಿ ಅರ್ಧ ಸುಲ್ದು ಬುಟ್ಟು ಹೋಗಾದಾ? ನಿನ್ ಕಣ್ಣಿಗೆ ಆಗಿದ್ದು ಇವಳ ಕಣ್ಣಿಗೆ ಆಗಲ್ವಾ?" ಅವ್ವ ಗೂಡಿಗೆ ಕೈ ಹಾಕಿದಳು.

ಮಾರನೆಯ ದಿನ ಕೆಂಪು ಇಳಿದಿತ್ತು. "ಬಸ್ಸು ಹತ್ತದೇ ವಾಸಿ ಮಾಡ್ದೆ ನೋಡಕ್ಕ," ಅಂತ ಅವ್ವ ಪಕ್ಕದ ಮನೆಯವಳಿಗೆ ಹೇಳಿದಳು.

"ಒಳ್ಗೆ ಚುಚ್ತೈತೆ ಕಣವ್ವ," ಅನ್ನುತ್ತಿದ್ದಳು ಗಂಗಿ.

"ಕೆಂಪೇ ಇಲ್ಲ. ಕೆಲ್ಸ ತಪ್ಪಿಸ್ಕಳಾಕೆ ಆಟ ಕಟ್ಬೇಡ."

ಅವ್ವ ಹನಿ ಬಿಡುತ್ತಲೇ ಬಂದಳು. ಕಾಯಿ ಸುಲಿದು ಮುಗಿಯುವ ಹೊತ್ತಿಗೆ ಕರಿಗುಡ್ಡೆಯ ಮೇಲೆ ಬಿಳೀ ಚುಕ್ಕೆ ಎದ್ದಿತ್ತು.

ತಿಪಟೂರಿಗೆ ನಾನೂ ಹೋಗಿದ್ದೆ. ಏನು ಹಾಕಿದಿರಿ ಎಂದು ಡಾಕ್ಟರು ಕೇಳಿದಾಗ ಅವ್ವ ಸೆರಗಿನ ಗಂಟಿನಿಂದ ಬಾಟ್ಲಿ ತೆಗೆದಳು. "ನೀವೇ ಕೊಟ್ಟಿದ್ದು ಸ್ವಾಮಿ."

"ಅದು ಅವರ ಊತಕ್ಕೆ ಕೊಟ್ಟಿದ್ದಮ್ಮ. ಇವಳಿಗೆ ಮಟ್ಟೆ ಗೀರಿದ ಗಾಯದಲ್ಲಿ ಬೂಷ್ಟು ಕೂತಿದೆ. ಈ ಹನಿ ಮೇಲಿನ ಕೆಂಪು ಇಳಿಸ್ತು, ಒಳಗೆ ಬೂಷ್ಟು ಬೆಳೆಯೋಕೆ ಬಿಡ್ತು."

ಅವ್ವ ಅಳಲಿಲ್ಲ. ಬೇರೆ ಔಷಧಿ ಹಾಕಿದರು, ಹುಣ್ಣು ಒಣಗಿತು, ಬಿಳುಪು ಉಳಿಯಿತು. ಆ ಕಣ್ಣಿಗೆ ಮತ್ತೆ ಏನೂ ಕಾಣಲಿಲ್ಲ. ಕಲ್ಲಾಟದಲ್ಲಿ ಕಲ್ಲು ಗಂಗಿಯ ಕೈ ಪಕ್ಕಕ್ಕೆ ಬೀಳತೊಡಗಿತು. ಹುಡುಗಿಯರು ನಕ್ಕರು. ಅವಳು ಕಲ್ಲುಗಳನ್ನೆಲ್ಲ ನನ್ನ ಲಂಗಕ್ಕೆ ಸುರಿದು ಒಳಗೆ ಹೋದಳು. ಅವ್ವ ಸಾಯುವವರೆಗೂ ಆ ಗೂಡಿನಲ್ಲಿ ದೀಪ ಬಿಟ್ಟು ಬೇರೇನೂ ಇಡಲಿಲ್ಲ.

ಈಗ ಕಾಯಿಯನ್ನು ಮಿಷನ್ನು ಸುಲಿಯುತ್ತದೆ. ಮಕ್ಕಳು ಯಾರೂ ಮಟ್ಟೆ ಮುಟ್ಟುವುದಿಲ್ಲ, ಕಲ್ಲಾಟವೂ ಇಲ್ಲ. ಹೋದ ತಿಂಗಳು ನನ್ನ ಕಣ್ಣೂ ಅಪ್ಪನ ಕಣ್ಣಿನಂತೆಯೇ ಊದಿತು. ಡಾಕ್ಟರು ಅಂಥದೇ ಹನಿ ಕೊಟ್ಟರು. ಹೇಳಿದಂತೆ ಹಾಕಿದೆ, ಹೇಳಿದಂತೆ ಕಡಿಮೆ ಮಾಡಿದೆ, ವಾಸಿಯಾಯಿತು. ಔಷಧಿಯ ತಪ್ಪೇನೂ ಇಲ್ಲ. ಮಿಕ್ಕಿದ್ದನ್ನು ಬಚ್ಚಲಿಗೆ ಸುರಿದೆ.

"ಇನ್ನೂ ಅರ್ಧ ಐತಲ್ಲಜ್ಜಿ," ಅಂದಳು ಮೊಮ್ಮಗಳು.

"ಇರ್ಲಿ ಬುಡು," ಅಂದೆ.

ಗಂಗಿ ಹಬ್ಬಕ್ಕೆ ಬರುತ್ತಾಳೆ. ಎಲೆಯಡಿಕೆ ತಟ್ಟೆ ಇಟ್ಟುಕೊಂಡು ಕೂರುತ್ತೇವೆ. ಆ ಮಾತು ಎತ್ತುವುದಿಲ್ಲ. ನಾನು ಅವಳ ಬಲಕ್ಕೇ ಕೂರುತ್ತೇನೆ. ಎಡಕ್ಕೆ ಕೂತರೆ ನಾನಿರುವುದು ಅವಳಿಗೆ ಕಾಣುವುದಿಲ್ಲ.