ಸಮಿತಿಯ ಮೇಜಿನ ಮೇಲೆ ಉಡಿಯ ಖಣ

ಸೃಷ್ಟಿ, ಪ್ರಜ್ವಲ, ಮೊನ್ನೆ ನೀವಿಬ್ಬರೂ ಟ್ರಂಕಿನಲ್ಲಿ ಹಳೆಯ ಫೋಟೊ ಹುಡುಕುವಾಗ ಸಿಕ್ಕ ಹಸಿರು ಖಣವನ್ನು ಎತ್ತಿ ಹಿಡಿದು, ಕುಪ್ಪಸ ಹೊಲಿಸದೆ ಇದನ್ನೇಕೆ ಇಷ್ಟು ವರ್ಷ ಇಟ್ಟಿದ್ದೀ ಎಂದು ಕೇಳಿದಿರಿ. ರೊಟ್ಟಿ ಹೊತ್ತುತ್ತದೆ ಎಂದು ನಾನು ಒಲೆಯ ಕಡೆಗೆ ತಿರುಗಿದೆ. ರೊಟ್ಟಿಯೇನೂ ಹೊತ್ತುತ್ತಿರಲಿಲ್ಲ, ನಾಲ್ಕು ಮಾತು ಬಾಯಿಂದ ಹೊರಡಿಸುವುದು ನನಗೆ ಮೊದಲಿನಿಂದಲೂ ಕಷ್ಟ. ಹೊನವಾಡದ ಸಾಲೆಯಲ್ಲಿ ಕಲಿತ ಅಕ್ಷರಗಳು ನಾಲಿಗೆಗಿಂತ ಹೆಚ್ಚು ನನ್ನ ಮಾತು ಕೇಳುತ್ತವೆ, ಅದಕ್ಕೇ ಬರೆಯುತ್ತಿದ್ದೇನೆ.

ಅಂದೇ ಊಟಕ್ಕೆ ಕೂತಾಗ ಅರ್ಥಶಾಸ್ತ್ರ ಓದುವ ಸೃಷ್ಟಿ, ಅಂಗದಾನ ಮಾಡಿದವರಿಗೆ ಸರಕಾರ ಹಣ ಕೊಟ್ಟರೆ ಕೊಡುವವರು ಹೆಚ್ಚುತ್ತಾರೆ, ಕಾಯುವವರ ಸಾಲು ಕರಗುತ್ತದೆ ಎಂದಳು. ಹಾಗಾದರೆ ಬಡವರೇ ಕೊಡುತ್ತ ಹೋಗುತ್ತಾರೆ, ಉಳ್ಳವರೇ ಪಡೆಯುತ್ತ ಹೋಗುತ್ತಾರೆ ಎಂದು ಪ್ರಜ್ವಲ ಪಲ್ಯದ ಸೌಟು ಹಿಡಿದೇ ವಾದಿಸಿದ. ಇಬ್ಬರ ನಡುವೆ ಕೂತು ಶೇಂಗಾ ಹಿಂಡಿ ಬಡಿಸುತ್ತಿದ್ದ ಈ ಮುದುಕಿಯ ಹೊಟ್ಟೆಯಲ್ಲಿರುವುದು ಒಂದೇ ಕಿಡ್ನಿ ಎಂದು ನಿಮಗೆ ಗೊತ್ತು. ಆದರೂ ಅವಳನ್ನೊಂದು ಮಾತು ಕೇಳೋಣವೆಂದು ಒಬ್ಬರಿಗೂ ಹೊಳೆಯಲಿಲ್ಲ.

ಇನ್ನೊಂದು ಇರುವುದು ನೀವು ಸಣ್ಣಾಯಿ ಎಂದು ಕರೆಯುವ ಗಂಗವ್ವನ ಹೊಟ್ಟೆಯಲ್ಲಿ. ಬಬಲೇಶ್ವರದ ಮಗಳು, ನನ್ನ ಮೈದುನನ ಹೆಂಡತಿ, ಅಂದರೆ ನನ್ನ ನೆಗೆಣ್ಣಿ. ಅವಳ ಎರಡೂ ಕಿಡ್ನಿ ಕೈಕೊಟ್ಟಾಗ ಟಿಕೋಟಾದ ಮೇಲೆ ಹೋಗುವ ಬೆಳಗಿನ ಬಸ್ಸು ಹಿಡಿದು ವಿಜಯಪುರಕ್ಕೆ ಡಯಾಲಿಸಿಸ್ಸಿಗೆ ಹೋಗುತ್ತಿದ್ದಳು. ಸಂಜೆ ಹಿಂಡಿದ ಬಟ್ಟೆಯಂತೆ ಮರಳುತ್ತಿದ್ದಳು. ತವರಿನವರ ಯಾರ ಕಿಡ್ನಿಯೂ ಅವಳಿಗೆ ಹೊಂದಲಿಲ್ಲ, ನನ್ನದು ಹೊಂದಿತು. ಕೊಡುತ್ತೇನೆ ಎನ್ನುವುದು ಸುಲಭವಾಗಿತ್ತು. ತೊಡಕು ಬಂದದ್ದು ಆಮೇಲೆ. ಕಾಯ್ದೆಯ ಪ್ರಕಾರ ನೆಗೆಣ್ಣಿ ಹತ್ತಿರದ ಸಂಬಂಧಿಯಲ್ಲ. ಒಂದೇ ಒಲೆಯ ಮುಂದೆ ಅರ್ಧ ಆಯುಷ್ಯ ಜಗಳವಾಡಿದವರು ದೂರದವರಂತೆ! ಆದ್ದರಿಂದ ದುಡ್ಡಿನ ಆಸೆಗೆ ಕೊಡುತ್ತಿಲ್ಲವೆಂದು ಅಂಗದಾನಕ್ಕೆ ಪರವಾನಗಿ ಕೊಡುವ ಸರಕಾರಿ ಸಮಿತಿಯ ಮುಂದೆ ಹೇಳಬೇಕು. ಅವರಿಗೆ ಸಂಶಯ ಬಂದರೆ ಪರವಾನಗಿ ಇಲ್ಲ, ಗಂಗವ್ವನಿಗೆ ಬೇರೆ ದಾರಿಯೂ ಇಲ್ಲ.

ಮೈದುನನಿಗೋ ನನಗೆ ಏನಾದರೂ ಕೊಡಲೇಬೇಕೆಂಬ ಚಡಪಡಿಕೆ. ಎಮ್ಮೆ ಕೊಡಲೇ, ಬಳೆ ಮಾಡಿಸಲೇ, ದ್ರಾಕ್ಷಿ ತೋಟದ ಒಂದೆರಡು ಸಾಲು ಬರೆದುಕೊಡಲೇ ಎಂದು ಕಟ್ಟೆಯ ಮೇಲೆ ಕೂತು ಯೋಚಿಸಿದ. ನನಗೆ ಒಳಗೊಳಗೇ ನಗೆ. ಹಸಿ ದ್ರಾಕ್ಷಿಗೊಂದು ದರ, ಒಣದ್ರಾಕ್ಷಿಗೊಂದು ದರ ಇರುವ ಊರಿನಲ್ಲಿ ನನ್ನ ಕಿಡ್ನಿ ಆ ವಯಸ್ಸಿಗೆ ಯಾವ ದರಕ್ಕೆ ಹೋದೀತು ಎಂದು ನಾನೂ ಲೆಕ್ಕ ಹಾಕಿದೆ. ಕೊನೆಗೆ, ಏನಾದರೂ ಕೊಟ್ಟರೆ ಜೈಲಾಗುತ್ತದೆ ಎಂದು ಯಾರೋ ಹೇಳಿದ ಮೇಲೆ ಅವನು ಸುಮ್ಮನಾದ.

ಸುಮ್ಮನಾಗದವಳು ಗಂಗವ್ವ. ಸಮಿತಿಗೆ ಹೊರಡುವ ಮುಂಜಾನೆ ವಿಜಯಪುರದ ಸ್ಟೇಷನ್ ರಸ್ತೆಯ ಅಂಗಡಿಯಿಂದ ತರಿಸಿದ್ದ ಖಣ, ತೆಂಗಿನಕಾಯಿ, ಅಕ್ಕಿ ಹಿಡಿದು, ನನ್ನ ಮಡಿಲು ತುಂಬಲು ಎದುರಿಗೆ ನಿಂತಳು. ನಿಮ್ಮ ಅಜ್ಜ ಹೋದ ಮೇಲೆ ಯಾರೂ ನನ್ನ ಉಡಿ ತುಂಬಿರಲಿಲ್ಲ. ಉಳಿದ ಹೆಂಗಸರ ಉಡಿ ತುಂಬುವಾಗ ನಾನು ಅಡುಗೆಮನೆಯ ಡಬ್ಬಿಗಳಲ್ಲಿ ಇಲ್ಲದ ವಸ್ತು ಹುಡುಕುತ್ತ ನಿಲ್ಲುತ್ತಿದ್ದೆ. ಅಂದೂ ಸರಿಯಲು ನೋಡಿದೆ. ಅವಳು ಬಿಡಲಿಲ್ಲ.

"ಯಕ್ಕಾ, ಸೆರಗ ಹಿಡಿ. ಖಾಲಿ ಉಡೀಲೆ ನಿನ್ನ ನಾ ಹೊಸ್ತಿಲಾ ದಾಟಸೂದಿಲ್ಲ."

ಸಮಿತಿಯಲ್ಲಿ ಕೇಳಿದ ಮೊದಲ ಪ್ರಶ್ನೆಗಳಿಗೆ ತಲೆಯಾಡಿಸಿದೆ. ಇದಕ್ಕಾಗಿ ನಿಮಗೆ ಯಾರಾದರೂ ಏನಾದರೂ ಕೊಟ್ಟಿದ್ದಾರೆಯೇ ಎಂದಾಗ ಮಾತ್ರ, ಉಡಿ ತುಂಬಿಸಿಕೊಂಡು ಬಂದು ಇಲ್ಲವೆನ್ನುವುದು ಹೇಗೆ ಎಂದು ಬಾಯಿ ತೆರೆದೆ: "ಹೌದ್ರಿ, ಕೊಟ್ಟಾರ."

ಬರೆಯುತ್ತಿದ್ದ ಪೆನ್ನುಗಳು ನಿಂತವು. ಏನು ಕೊಟ್ಟರೆಂದು ಅವರು ಕೇಳುವಷ್ಟರಲ್ಲಿ ನನ್ನ ನಾಲಿಗೆ ಅಂಟಿಕೊಂಡಿತ್ತು. ಇನ್ನೊಮ್ಮೆ ಬನ್ನಿ ಎಂದು ಕಳಿಸಿದರು.

ಖಣ ಹಿಂದಕ್ಕೆ ಕೊಟ್ಟುಬಿಡು ಎಂದು ಮೈದುನ ಬಸ್ಸಿನುದ್ದಕ್ಕೂ ಅಂಗಲಾಚಿದ. ಗಂಗವ್ವ ಕಿಟಕಿಯ ಕಡೆ ಮುಖ ಮಾಡಿಯೇ ಅಂದಳು: "ಬೇಕಾದ್ರ ಕಿಡ್ನಿ ಬ್ಯಾಡಂತೀನಿ. ತುಂಬಿದ ಉಡಿ ಮಾತ್ರ ಹೊಳ್ಳಿ ಮುಟ್ಟೂದಿಲ್ಲ."

ಎರಡನೆಯ ಸಲ ಹೋದಾಗ ನಾನು ಖಣವನ್ನು ಮಡಿಲಲ್ಲಿಟ್ಟುಕೊಂಡು ಒಯ್ದು ಅವರ ಮೇಜಿನ ಮೇಲೆ ಇಟ್ಟೆ. ಕೊಟ್ಟಿದ್ದು ಇದೇ, ಹೊರಗೆ ಹೊರಟವಳ ಉಡಿ ತುಂಬಿದ್ದಾಳೆ ಎಂದೆ. ಅಲ್ಲಿದ್ದ ಡಾಕ್ಟರಮ್ಮ ನಮ್ಮ ಕಡೆಯವರೇ. ಖಣದ ಅಂಚು ಸವರಿ ಕೇಳಿದರು: "ಯವ್ವಾ, ಇದನ್ನ ಕೊಡದಿದ್ರ?"

"ಕೊಡದಿದ್ರೂ ಕಿಡ್ನಿ ಕೊಡತಿದ್ದೆ ರೀ. ಇಷ್ಟ ಖುಷೀಲೆ ಕೊಡತಿದ್ದಿಲ್ಲ."

ಅವರು ಕಾಗದವನ್ನು ಮುಖಕ್ಕೆ ಅಡ್ಡ ಹಿಡಿದರು. ಅದರ ಹಿಂದೆ ನಗು ಅಲುಗುವುದು ಕಂಡಿತು. ಹೋಗಿಬರುವ ಖರ್ಚು, ಕೆಲಸ ತಪ್ಪಿದ ದಿನಗಳ ಪಗಾರ ತೆಗೆದುಕೊಳ್ಳಬಹುದು, ಕಿಡ್ನಿಗೆ ಬೆಲೆ ಮಾತ್ರ ಕೂಡದು ಎಂದು ತಿಳಿಸಿ ಹೇಳಿದರು. ಖಣವನ್ನು ಅವರೇ ಮಡಿಸಿ ನನ್ನ ಕೈಗಿಟ್ಟರು. ಪರವಾನಗಿ ಬಂತು.

ಈಗ ನಿಮ್ಮ ವಾದಕ್ಕೆ ಬರುತ್ತೇನೆ. ಡಯಾಲಿಸಿಸ್ ಕೋಣೆಯ ಹೊರಗೆ ತೊರವಿಯ ಕೂಲಿ ಹೆಣ್ಣುಮಗಳೊಬ್ಬಳು ನನ್ನ ಪಕ್ಕ ಕೂರುತ್ತಿದ್ದಳು. ಒಳಗೆ ಅವಳ ತಮ್ಮ. ಅವಳ ಕಿಡ್ನಿ ಹೊಂದಿತ್ತು, ಮನಸ್ಸೂ ಇತ್ತು. ಆದರೆ ಆಪರೇಷನ್ ಆದ ಮೇಲೆ ತಿಂಗಳುಗಟ್ಟಲೆ ಭಾರ ಎತ್ತದೆ ಮನೆಯಲ್ಲಿ ಕೂತರೆ ಮಕ್ಕಳ ಹೊಟ್ಟೆಗೆ ಯಾರು ಹಾಕುತ್ತಾರೆ? ತಪ್ಪಿದ ಪಗಾರ ಕೊಡಬಹುದೆಂದು ಕಾಯ್ದೆ ಹೇಳುತ್ತದೆ, ಕೊಡಬೇಕಾದ ತಮ್ಮನ ಮನೆ ಚಿಕಿತ್ಸೆಗೇ ಬರಿದಾಗಿತ್ತು. ನಾನು ಮಲಗಿದ್ದಾಗ ನನ್ನ ಪಾಲಿನ ನೀರನ್ನು ಮೈದುನ ತುಂಬಿದ, ರೊಟ್ಟಿಯನ್ನು ನಿಮ್ಮ ಅವ್ವ ಬಡಿದಳು. ನನ್ನ ದೊಡ್ಡ ಮನಸ್ಸಿನ ಹಿಂದೆ ಎರಡು ಸಂಸಾರಗಳಿದ್ದವು. ಅವಳ ಪ್ರೀತಿಯ ಹಿಂದೆ ನಾಳಿನ ಕೂಲಿಯೂ ಇರಲಿಲ್ಲ. ಸೃಷ್ಟಿ, ಸರಕಾರ ಕೊಡುವುದಾದರೆ ಅಂಥವಳ ನಷ್ಟವನ್ನು ಮೊದಲು ತುಂಬಿಕೊಡಲಿ; ಅವಳು ತಮ್ಮನಿಗೆ ಕೊಡಲಾರದೆ ಹೋದದ್ದು ಮನಸ್ಸು ಸಾಲದೆ ಅಲ್ಲ. ಪ್ರಜ್ವಲ, ಆದರೆ ದರ ಕಟ್ಟಿದ ದಿನ ಅದೇ ಹೆಣ್ಣುಮಗಳು ತಮ್ಮನಿಗಲ್ಲ, ಯಾರಿಗೋ ಕೊಡಬೇಕಾದೀತು ಎಂಬ ನಿನ್ನ ಹೆದರಿಕೆ ನನಗೂ ಇದೆ. ಉಡಿ ತುಂಬುವುದು ಯಾವ ಸರಕಾರಕ್ಕೂ ಬರುವ ಕೆಲಸವಲ್ಲ. ಅದನ್ನು ಗಂಗವ್ವನಂಥವರಿಗೇ ಬಿಡಬೇಕು.

ಆಪರೇಷನ್ ಆದ ಮೇಲೂ ನಮ್ಮ ಜಗಳ ನಿಂತಿಲ್ಲ. ನನ್ನ ಕಿಡ್ನಿ ಬಂದಾಗಿನಿಂದ ತನಗೂ ನನ್ನಂತೆ ಚಹಕ್ಕೆ ಸಕ್ಕರೆ ಹೆಚ್ಚು ಬೇಕಾಗಿದೆ ಎಂದು ಅವಳು ಓಣಿಗೆಲ್ಲ ಹೇಳುತ್ತಾಳೆ.

ಖಣ ಹೊಲಿಸದ ಕಾರಣ ಹೇಳಿದರೆ ನಗುತ್ತೀರಿ. ಸಮಿತಿಯವರು ಮತ್ತೆ ಕರೆದು ಕೇಳಿದರೆ ತೋರಿಸಲು ಇರಲಿ ಎಂದು ಇಟ್ಟಿದ್ದೆ. ಇದನ್ನೆಲ್ಲ ಬರೆಯುತ್ತ ಬರೆಯುತ್ತ, ಅದು ಸಾಕ್ಷಿ ಹೇಳಲು ಬಂದದ್ದಲ್ಲ, ತೊಡಲು ಬಂದದ್ದು ಎನ್ನಿಸಿತು. ನಿನ್ನೆ ಗಂಗವ್ವನನ್ನೇ ಕರೆದುಕೊಂಡು ಹೋಗಿ ಹೊಲಿಯಲು ಕೊಟ್ಟುಬಂದೆ. ತೋಳು ಗಿಡ್ಡವಾಗಬೇಕೋ ಉದ್ದವಾಗಬೇಕೋ ಎಂದು ಟೇಲರನ ಮುಂದೆಯೇ ಜಗಳವಾಡಿದೆವು. ಟ್ರಂಕಿನಲ್ಲಿ ಖಣದ ಜಾಗ ಖಾಲಿಯಾಗಿದೆ. ಅಲ್ಲಿ ಈ ಹಾಳೆಗಳನ್ನು ಇಟ್ಟಿದ್ದೇನೆ, ಜೋಪಾನ ಮಾಡಿ.