ಕೊಳ್ಳೇಗಾಲದಲ್ಲಿ ನಿಂತ ಟ್ಯಾಂಕು

ಊರು ಬಿಟ್ಟ ಮನುಷ್ಯ ಮೊದಲು ಹುಟ್ಟಿದ ಮಣ್ಣಿನ ವಾಸನೆಯನ್ನು ಕಳೆದುಕೊಳ್ಳುತ್ತಾನೆ, ಆಮೇಲೆ ಭಾಷೆಯನ್ನು, ಕಡೆಗೆ ತನ್ನನ್ನೇ ಎಂದು ಬಲ್ಲವರು ಹೇಳುತ್ತಾರೆ. ನನ್ನ ವಿಷಯದಲ್ಲಿ ಮೊದಲು ಹೋದದ್ದು ವೋಲ್ಟೇಜು.

ಕೊಳ್ಳೇಗಾಲಕ್ಕೆ ಬಂದ ಮೊದಲ ಭಾನುವಾರ, ಮಧ್ಯಾಹ್ನ ಮೂರು ಗಂಟೆ. ಬಾಡಿಗೆಗೆ ಹಿಡಿದ ಮಹಡಿಯ ಕೋಣೆಯಲ್ಲಿ ಕಂಪ್ಯೂಟರಿನ ಮುಂದೆ ಕೂತು ನನ್ನ ಟ್ಯಾಂಕನ್ನು ಶತ್ರುವಿನ ಸೇತುವೆಗೆ ಏರಿಸುತ್ತಿದ್ದೆ. ಕಾಲ ಕೆಳಗಿನ ನೆಲ ನಡುಗತೊಡಗಿತು. ಗೋಡೆಯ ಕ್ಯಾಲೆಂಡರು ಪಟಪಟ ಬಡಿದುಕೊಂಡಿತು. ಆಟ ಎಷ್ಟು ನೈಜವಾಗಿದೆಯಲ್ಲ ಎಂದು ಮೆಚ್ಚಿಕೊಳ್ಳುವಷ್ಟರಲ್ಲಿ ಪರದೆ ಕಪ್ಪಾಯಿತು. ಕೆಳಗಿನ ಮನೆಯವರು ಊಟ ಮುಗಿಸಿ ಎರಡು ವಿದ್ಯುತ್ ಮಗ್ಗಗಳನ್ನು ಒಟ್ಟಿಗೆ ಶುರು ಮಾಡಿದ್ದರು.

ಧಾರವಾಡದಲ್ಲಿರುವ ನಿಮಗೆ ಇದು ಅರ್ಥವಾಗಬೇಕಾದರೆ ಸ್ವಲ್ಪ ಹಿಂದಿನಿಂದ ಹೇಳಬೇಕು. ನಾನು ಭೂಮಾಪನ ಕಚೇರಿಯ ಗುಮಾಸ್ತ, ವಯಸ್ಸು ಐವತ್ತೈದು. ಧಾರವಾಡದಿಂದ ವರ್ಗವಾಗಿ ಇಲ್ಲಿಗೆ ಬಂದೆ. ಹೆಂಡತಿ ಶಾಲೆಯ ನೌಕರಿಯಿಂದಾಗಿ ಅಲ್ಲೇ ಉಳಿದಳು. ನಾಲ್ಕು ಜನ ಹಳೆಯ ಸಹಪಾಠಿಗಳು ಪ್ರತಿ ಭಾನುವಾರ ಅವರವರ ಮನೆಯಲ್ಲೇ ಕೂತು ಇಂಟರ್ನೆಟ್ಟಿನ ಮೇಲೆ ಟ್ಯಾಂಕು ಓಡಿಸುತ್ತೇವೆ. ಆಡುತ್ತಲೇ ಮಾತಾಡುತ್ತೇವೆ. ಯಾರ ಮಗಳ ಮದುವೆ, ಯಾರ ಮೊಣಕಾಲು, ಯಾವ ಓಣಿಯ ಯಾವ ಮರ ಬಿತ್ತು, ಎಲ್ಲ ವರದಿಯೂ ಗುಂಡಿನ ಸದ್ದಿನ ನಡುವೆಯೇ ಆಗಬೇಕು. ನಮ್ಮ ದಳಪತಿ ಬಸಣ್ಣ, ವೃತ್ತಿಯಿಂದ ಪಾತ್ರೆ ವ್ಯಾಪಾರಿ. ಹೊಸ ಊರಲ್ಲಿ ಗುರುತಿನವರಿಲ್ಲದ ನನಗೆ ವಾರಕ್ಕೆ ಎರಡು ತಾಸು ಧಾರವಾಡದಲ್ಲಿರಲು ಇದ್ದ ದಾರಿ ಅದೊಂದೇ. ಅದಕ್ಕಾಗಿಯೇ ಕಂಪ್ಯೂಟರನ್ನು ಕೌದಿಯಲ್ಲಿ ಸುತ್ತಿ, ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ತಂದಿದ್ದೆ.

ಆ ಯಂತ್ರಕ್ಕೆ ನಾಲ್ಕು ಜಿಬಿ ನೆನಪಿನ ಶಕ್ತಿ. ಅದರಲ್ಲಿ ಮೂರು ಜಿಬಿ ತಾನು ಕಂಪ್ಯೂಟರು ಎಂಬುದನ್ನು ನೆನಪಿಟ್ಟುಕೊಳ್ಳಲಿಕ್ಕೇ ಹೋಗುತ್ತದೆ. ಆಟ ಓಡಲೆಂದು ಅದರ ಚಿತ್ರದಿಂದ ಮೊದಲು ನೆಲದ ಹುಲ್ಲು ತೆಗೆದೆ. ಆಮೇಲೆ ನೆರಳು, ಮೋಡ, ನೀರಿನ ಅಲೆ. ಮರಗಳು ಹಸಿರು ಮುದ್ದೆಗಳಾದವು. ಇಷ್ಟು ತ್ಯಾಗ ಮಾಡಿದ ಮೇಲೆ ಮೋಕ್ಷವೇ ಸಿಗಬೇಕಿತ್ತು, ಟ್ಯಾಂಕು ಒಂದು ಅಡಿ ಮುಂದೆ ಹೋಯಿತು. ಬಸ್ ನಿಲ್ದಾಣದ ಹತ್ತಿರದ ಕಂಪ್ಯೂಟರ್ ಅಂಗಡಿಯವರು ಡಬ್ಬದ ಮುಚ್ಚಳ ತೆಗೆದು ಒಳಗೆ ನೋಡಿ, ಸಾವಿನ ಮನೆಯಲ್ಲಿ ಮಾತಾಡುವ ದನಿಯಲ್ಲಿ ಹೇಳಿದರು: “ಲೆಟರ್ ಟೈಪ್ ಮಾಡಕ್ಕೆ ಬೋ ಚೆನ್ನಾಗದೆ ಸಾ ಇದು.”

ಇಲ್ಲಿ ‘ಬೋ’ ಎಂದರೆ ಬಹಳ. ‘ಸಾ’ ಎಂದರೆ ನಾನು.

ಹೊಸದು ಕೊಳ್ಳಬಹುದಲ್ಲ ಎನ್ನುತ್ತೀರಿ. ಐವತ್ತೈದರ ಗಂಡ ಆಟಕ್ಕೆಂದು ಕಂಪ್ಯೂಟರು ಕೊಂಡ ಸುದ್ದಿ ಹೆಂಡತಿಯ ಶಾಲೆಯ ಸ್ಟಾಫ್ ರೂಮು ಮುಟ್ಟಿದರೆ ಅವಳು ಅಲ್ಲಿ ಹೇಗೆ ಕೂರಬೇಕು? ಒಂದು ಸ್ಟೆಬಿಲೈಜರ್ ಮಾತ್ರ ತಂದೆ. ಅದು ವೋಲ್ಟೇಜು ಬೀಳುವುದನ್ನು ತಡೆಯಲಿಲ್ಲ, ಬಿದ್ದಾಗಲೆಲ್ಲ ‘ಟಕ್’ ಎಂದು ಸಂತಾಪ ಸೂಚಿಸಿತು.

ಉಳಿದದ್ದೆಲ್ಲ ನಿಧಾನವಾಗಿ ಕೈಗೆ ಹತ್ತಿತು. ಅಲ್ಲಿ ರೊಟ್ಟಿಯನ್ನು ಎಷ್ಟು ಅಗಿದರೂ ಯಾರೂ ಕೇಳುವುದಿಲ್ಲ. ಇಲ್ಲಿ ಮುದ್ದೆಯನ್ನು ಅಗಿದರೆ ಹೋಟೆಲಿನವನು ಬಂದು ಹಲ್ಲುನೋವೇ ಎಂದು ವಿಚಾರಿಸುತ್ತಾನೆ. ಸೊಪ್ಪು ಕಾಳು ಬೇಯಿಸಿದ ನೀರಿಗೆ ಖಾರ ಬೆರೆಸಿ ಉಣ್ಣುವ ಉಪ್ಪೆಸರನ್ನು ಮೂರನೇ ವಾರದಲ್ಲಿ ಎರಡು ಸಲ ಬಡಿಸಿಕೊಂಡೆ. ಲೊಕ್ಕನಹಳ್ಳಿಯಿಂದ ಕಚೇರಿಗೆ ಬಂದ ರೈತರೊಬ್ಬರ ಮಾತನ್ನು ಮರಳಿ ಕೇಳದೆ ಪೂರ್ತಿ ತಿಳಿದುಕೊಂಡ ದಿನ ನನಗೆ ನಾನೇ ಒಂದು ಲೋಟ ಚಹಾ ಕೊಡಿಸಿದೆ. ಆದರೆ ಭಾನುವಾರ ಬಂತೆಂದರೆ ಟ್ಯಾಂಕು ಸೇತುವೆಯ ಮೇಲೆ ನಿಂತುಬಿಡುತ್ತಿತ್ತು.

“ಸೇತುವಿ ಮ್ಯಾಲ ನಿಂತು ಏನ್ ಮಾಡಾಕತ್ತೀಪಾ? ಹಿಂದ ನಾವಿಬ್ರು ಅದೀವಿ, ದಾರಿ ಬಿಡು,” ಎಂದು ಬಸಣ್ಣನ ದನಿ ಮೊಬೈಲಿನಲ್ಲಿ.

“ಕೆಳಗ ಮಗ್ಗ ಚಾಲೂ ಆಗ್ಯಾವ.”

“ಯುದ್ಧದಾಗ ಮಗ್ಗ ಎಲ್ಲಿಂದ ಬಂತಪಾ?”

ಐದು ಭಾನುವಾರ ಹೀಗೇ ಹೋಯಿತು. ಅಷ್ಟರಲ್ಲಿ ಆಟದಲ್ಲಿ ತಂಡಗಳ ಪಂದ್ಯಾವಳಿ ಬಂತು, ಪ್ರತಿ ತಂಡಕ್ಕೂ ನಾಲ್ಕು ಪಂದ್ಯ. ಬಸಣ್ಣ ಫೋನು ಮಾಡಿ ನೇರವಾಗಿಯೇ ಹೇಳಿದ: “ಒಂದ ಅವಕಾಶ ಕೊಡ್ತೀನಿ. ಮೊದಲನೇ ಮ್ಯಾಚಿನಾಗ ನೀ ಮತ್ತ ನಿಂತಿ ಅಂದ್ರ ನಿನ್ನ ಜಾಗಾಕ್ಕ ನನ್ನ ಅಳಿಯನ್ನ ತಗೋತೀನಿ. ಸಿಟ್ಟಾಗಬ್ಯಾಡ.”

ಸಿಟ್ಟಾಗಲಿಲ್ಲ. ಮೆಟ್ಟಿಲಿಳಿದು ಮನೆಯ ಒಡತಿ ರತ್ನಮ್ಮನವರ ಮುಂದೆ ನಿಂತು, ಭಾನುವಾರ ಮಧ್ಯಾಹ್ನ ಎರಡು ತಾಸು ಮಗ್ಗ ನಿಲ್ಲಿಸಲಾದೀತೇ ಎಂದು, ಅರ್ಜಿ ಓದುವ ದನಿಯಲ್ಲಿ ಕೇಳಿದೆ. ಅವರು ಲಾಳಿಗೆ ನೂಲು ತುಂಬುತ್ತಿದ್ದರು.

“ಬಾನುವಾರ ನಮ್ಗೆಲ್ಲಿ ರಜ ಸಾ? ಅದು ನಿಮ್ಮಂಥ ಆಪೀಸ್ನೋರ್ಗೆ. ನಾವು ಮಗ್ಗ ನಿಲ್ಸದು ಅಮಾಸೆ ದಿಸ ಒಂದೇಯ.”

“ಅಮಾವಾಸ್ಯೆ ದಿನ ಪೂರ್ತಿ ನಿಲ್ಲಿಸುತ್ತೀರಾ?”

“ಮುಟ್ಟಕೇ ಇಲ್ಲ. ನಮ್ಮಜ್ಜನ ಕಾಲದಿಂದ್ಲೂವೆ.”

ಊರೂರಿನ ರಜೆಯೂ ಬೇರೆ ಬೇರೆ ಎಂದು ಐವತ್ತೈದು ವರ್ಷ ನನಗೆ ಹೊಳೆದಿರಲಿಲ್ಲ. ಎರಡೆರಡು ಮೆಟ್ಟಿಲು ಹಾರಿ ಮೇಲೆ ಹೋಗಿ ಬಸಣ್ಣನಿಗೆ ಫೋನು ಮಾಡಿದೆ.

“ಅಮಾಸಿ ದಿನಾ ಯುದ್ಧಕ್ಕ ಹೊಂಡೂನು ಅಂತೀಯೇನ? ನಮ್ಮವ್ವ ಕೇಳಿದ್ರ ನನಗ ಊಟಾ ಹಾಕೂದಿಲ್ಲ,” ಎಂದ. ಆದರೂ ಒಪ್ಪಿದ. ಎದುರಿನ ತಂಡವನ್ನೂ ಒಪ್ಪಿಸಿದ. ಅಮಾವಾಸ್ಯೆ ಗುರುವಾರ ಬಿದ್ದಿತ್ತು. ಬಸಣ್ಣ ಅಂಗಡಿಯ ಬಾಗಿಲು ಹಾಕಿದ. ಉಳಿದಿಬ್ಬರು ಅರ್ಧ ದಿನ ರಜೆ ಹಾಕಿದರು. ನಾನು ‘ಅನಿವಾರ್ಯ ಕೌಟುಂಬಿಕ ಕಾರ್ಯ’ ಎಂದು ಬರೆದು ಇಡೀ ದಿನದ ರಜೆ ಪಡೆದೆ.

ಆ ದಿನ ಬೆಳಗಿನಿಂದ ನೆಲ ನಡುಗಲಿಲ್ಲ. ಸ್ಟೆಬಿಲೈಜರಿನ ಮುಳ್ಳು ಎಲ್ಲಿ ನಿಲ್ಲಬೇಕೋ ಅಲ್ಲಿ ನಿಂತಿತ್ತು. ಡಬ್ಬದ ಮುಚ್ಚಳ ತೆಗೆದು, ಟೇಬಲ್ ಫ್ಯಾನನ್ನು ಒಳಮುಖವಾಗಿ ಇಟ್ಟೆ. ಮೂರು ಗಂಟೆಗೆ ಎಂದಿನಂತೆ ಮೊಬೈಲಿನಿಂದ ಇಂಟರ್ನೆಟ್ ಜೋಡಿಸಿದೆ. (ಕಂಬದಿಂದ ಮನೆಗೆ ತಂತಿ ಎಳೆಯುವವರು ಮುಂದಿನ ವಾರ ಬರುತ್ತಾರೆ. ನಾನು ಈ ಊರಿಗೆ ಬಂದಂದಿನಿಂದ ಅವರು ಮುಂದಿನ ವಾರ ಬರುತ್ತಾರೆ.) ಪಂದ್ಯ ಶುರುವಾಯಿತು. ಟ್ಯಾಂಕು ಸರಾಗವಾಗಿ ಹೊರಟಿತು, ಸೇತುವೆ ಏರಿತು. “ಭಲೇ, ಹಂಗ ನಡೀಪಾ,” ಎಂದ ಬಸಣ್ಣ. ಈ ಊರಿಗೆ ಬಂದ ಮೇಲೆ ಅವನು ನನ್ನನ್ನು ಹೊಗಳಿದ್ದು ಅದೇ ಮೊದಲು.

ಸೇತುವೆಯ ನಟ್ಟನಡುವೆ ಟ್ಯಾಂಕು ನಿಂತಿತು. ಪರದೆ ಬೆಳ್ಳಗೆ ಬೆಳಗುತ್ತಿತ್ತು, ಫ್ಯಾನು ತಿರುಗುತ್ತಿತ್ತು, ವೋಲ್ಟೇಜು ಮುತ್ತಿನಂತಿತ್ತು. ಮೂಲೆಯಲ್ಲಿ ಸಣ್ಣ ಅಕ್ಷರದಲ್ಲಿ ‘ಸಂಪರ್ಕವಿಲ್ಲ’ ಎಂದು ಬಂತು. ಬಸಣ್ಣನ ಮಾತು ತುಂಡುತುಂಡಾಯಿತು: “ಮುಂದ... ಸರಿ... ಹಿಂದ ನಾ...” ಆಮೇಲೆ ಅದೂ ಇಲ್ಲ. ಮೊಬೈಲನ್ನು ಕಿಟಕಿಯಲ್ಲಿಟ್ಟೆ, ಅಟ್ಟದ ಮೇಲಿಟ್ಟೆ, ಕೊನೆಗೆ ತಲೆಯ ಮೇಲೆ ಹಿಡಿದುಕೊಂಡೇ ಹೊರಗಿನ ಮೆಟ್ಟಿಲಿಗೆ ಬಂದೆ.

ಕೆಳಗೆ ರಸ್ತೆ ತುಂಬ ಜನ. ಬಸ್ಸಿನ ಹಿಂದೆ ಬಸ್ಸು, ಟೆಂಪೊ, ಹಳದಿ ಬಟ್ಟೆಯ ಕಾಲುನಡಿಗೆಯವರು, ಎಲ್ಲರೂ ಅಮಾವಾಸ್ಯೆ ಪೂಜೆಗೆಂದು ಮಾದಪ್ಪನ ಬೆಟ್ಟದ ಕಡೆ. ಪ್ರತಿಯೊಬ್ಬರ ಕೈಯಲ್ಲೂ ಫೋನು. ಜಗಲಿಯ ಮೇಲೆ ಕೂತು ಎಲೆ ಅಡಿಕೆ ಹಾಕಿಕೊಳ್ಳುತ್ತಿದ್ದ ರತ್ನಮ್ಮನವರು ತಲೆಯೆತ್ತಿ ನೋಡಿದರು.

“ನೆಟ್ಟಾ ಸಾ? ಅಮಾಸೆ ದಿಸ ಸಿಕ್ಕದೇ ಇಲ್ಲ. ಬೆಟ್ಟುಕ್ಕೆ ಓಗೋ ಜನ್ವೆಲ್ಲ ಇಡ್ಕಬುಡ್ತಾರೆ.”

“ಅಮ್ಮಾ, ಇದನ್ನ ಮೊದಲೇ ಹೇಳಬಾರದಿತ್ತೇ?”

“ನೀವು ಮಗ್ಗ ಕೇಳುದ್ರಿ. ನೆಟ್ಟು ಕೇಳ್ನಿಲ್ವಲ್ಲ.” ಇನ್ನೊಂದು ಎಲೆಗೆ ಸುಣ್ಣ ಹಚ್ಚುತ್ತ, “ಬನ್ನಿ, ಪಾಯ್ಸ ಅದೆ,” ಎಂದರು.

ಮೇಲೆ ಹೋಗಿ ನೋಡಿದಾಗ ಸಂಪರ್ಕ ಬಂದಿತ್ತು, ಪಂದ್ಯ ಮುಗಿದಿತ್ತು. ಕಿರಿದಾದ ಸೇತುವೆಯ ಮೇಲೆ ನನ್ನ ಟ್ಯಾಂಕು ಅಡ್ಡವಾಗಿ ಸುಟ್ಟು ಬಿದ್ದಿತ್ತು. ಅದರ ಹಿಂದೆ, ದಾಟಲಾಗದೆ, ನಮ್ಮವರ ಇನ್ನೂ ಮೂರು. ಫೋನಿನಲ್ಲಿ ಬಸಣ್ಣನಿಗೆ ಮಾದಪ್ಪನ ಭಕ್ತರ ವಿಷಯ ವಿವರಿಸತೊಡಗಿದೆ. ಮಾತಿನ ಭರದಲ್ಲಿ “ಜನ ಬೋ ಅವ್ರೆ ಕಣಪ್ಪಾ” ಅಂದುಬಿಟ್ಟೆ.

“ನೀ ಈಗ ಅಲ್ಲಿಯವನ ಆದಿ ಬಿಡು,” ಎಂದ. ಅವನ ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ನಾನೂ ಏನಾದರೂ ಅನ್ನಬಹುದಿತ್ತು.

ಕೆಳಗಿಳಿದು ಪಾಯಸ ಕುಡಿದೆ. ರತ್ನಮ್ಮನವರು ನೆಂಟರೊಬ್ಬರಿಗೆ ನನ್ನನ್ನು ತೋರಿಸಿ, “ಇವ್ರು ದಾರ್ವಾಡದೋರು, ಇಲ್ಲಿಯವರಲ್ಲ,” ಎಂದು ಪರಿಚಯಿಸಿದರು.

ಶುಕ್ರವಾರ ಬಸಣ್ಣ ನನ್ನ ಜಾಗಕ್ಕೆ ಅಳಿಯನ ಹೆಸರು ಸೇರಿಸಿದ. ಅಳಿಯ ಇರುವುದು ಪುಣೆಯಲ್ಲಿ. ತಂಡ ಆಮೇಲಿನ ಮೂರೂ ಪಂದ್ಯಗಳನ್ನು ಗೆದ್ದಿತು.