ಎಲ್ಲರಿಗಿಂತ ಹಿಂದೆ ಬಾಲದಕ್ಕ

ಭಾನುವಾರ ಬಂತೆಂದರೆ ಪೇಟೆಯ ಮಂದಿಗೆ ಬೆಟ್ಟದ ಹುಚ್ಚು. ದೂರದ ಬೆಟ್ಟ ಕಣ್ಣಿಗೆ ನುಣ್ಣಗೆ. ಅರ್ಧ ಹತ್ತಿದ ಮೇಲೆ ಒಬ್ಬೊಬ್ಬರ ಬಣ್ಣವೂ ಬಯಲು. ಹಾಗೆ ಬಣ್ಣ ಬಯಲಾದವರನ್ನು ಸಂಭಾಳಿಸುವುದೇ ಬಾಲದಕ್ಕನ ಕೆಲಸ. ಗುಂಪಿನ ಮುಂದೆ ದಾರಿ ತೋರಿಸುವವನು ಅವಳ ತಮ್ಮ, ಕಟ್ಟಕಡೆಗೆ ಬಾಲದ ಹಾಗೆ ನಡೆಯುವವಳು ಇವಳು. ಎಂಥ ಆಮೆ ಬಂದರೂ ಅದರ ಹಿಂದೆಯೇ ಇರಬೇಕು, ಒಂದು ಹೆಜ್ಜೆಯೂ ಮುಂದೆ ಹೋಗಕೂಡದು.

ಜೀವಮಾನವಿಡೀ ಬಟ್ಟೆ ಒಗೆಯುವ ಅಂಗಡಿಯಲ್ಲಿ ಇಸ್ತ್ರಿ ಮೇಜಿನ ಮುಂದೆ ನಿಂತೇ ಸವೆದ ಹೆಂಗಸು. ಗಂಡ ತೀರಿಕೊಂಡ, ಹಿಂದೆಯೇ ಅಂಗಡಿಯೂ ಮುಚ್ಚಿತು. ಒಂದೇ ಕೋಣೆಯಲ್ಲಿ ಗೋಡೆ ನೋಡಿಕೊಂಡು ಕೂತಿದ್ದ ಅಕ್ಕನನ್ನು ತಮ್ಮನೇ ಬೈದು ಎಬ್ಬಿಸಿ ಬೆಟ್ಟಕ್ಕೆ ತಂದಿದ್ದ. ಅಲ್ಲಿಂದ ಅವಳಿಗೆ ವಾರವೆಂದರೆ ಭಾನುವಾರ, ಮಿಕ್ಕ ದಿನಗಳೆಲ್ಲ ಅದಕ್ಕೆ ಕಾಯುವುದಷ್ಟೇ.

ಅವಳದ್ದೊಂದು ಉಪಾಯವಿತ್ತು. ಇನ್ನು ಆಗದು, ಇಳಿದುಬಿಡುತ್ತೇನೆ ಎಂದು ಯಾರಾದರೂ ಮುಖ ಸಣ್ಣ ಮಾಡಿಕೊಂಡರೆ ತಾನೇ ದೊಪ್ಪನೆ ಕೂತು, ಮಂಡಿ ಹಿಡಿದುಕೊಂಡು ನರಳುವಳು. ದಾರಿ ಬಲ್ಲವಳಿಗೇ ಹೀಗಾದರೆ ತನಗೇನು ನಾಚಿಕೆ ಎಂದು ಅವರೂ ಕೂತು ಸುಧಾರಿಸಿಕೊಳ್ಳುವರು. ತಮ್ಮನಿಗೆ ಅಕ್ಕನ ಈ ನಾಟಕ ಕಂಡರೆ ಬಲು ಖುಷಿ.

ಗ್ರಹಚಾರ ನೋಡಿ, ಕೆಲವು ತಿಂಗಳಿಂದ ಆ ನೋವು ನಾಟಕವಾಗಿ ಉಳಿದಿರಲಿಲ್ಲ. ಮಂಡಿ ಕೈಕೊಟ್ಟ ದಿನವೇ ಈ ಕೆಲಸ ಮುಗಿಯಿತು ಎಂದು ತಮ್ಮ ಮೊದಲೇ ಹೇಳಿದ್ದ. ಅದಕ್ಕೇ ಅವಳು ಬಾಯಿಗೆ ಬೀಗ ಹಾಕಿಕೊಂಡಳು. ಬಾಗಿಲು ಮುಚ್ಚಿ ಎಣ್ಣೆ ತಿಕ್ಕುವುದು, ಪಟ್ಟಿ ಸುತ್ತುವುದು, ಮೇಲೊಂದು ದೊಗಲೆ ಪ್ಯಾಂಟು. ಮೆಟ್ಟಿಲಲ್ಲಿ ಪಕ್ಕದ ಮನೆಯಾಕೆ ಎದುರಾದರೆ ಹಿಡಿದಿದ್ದ ಕಂಬಿ ಬಿಟ್ಟು ನೆಟ್ಟಗೆ ನಿಲ್ಲುವುದು. ಹಠ ಅಂದರೆ ಹಠ!

ಆ ಭಾನುವಾರ ಅವಳ ಪಾಲಿಗೆ ಬಂದ ಆಮೆ ನಿವೃತ್ತ ಬಸ್ ಡ್ರೈವರ್. ಹೊಟ್ಟೆ ಅವರಿಗಿಂತ ಒಂದು ಗೇಣು ಮುಂದೆ. ಹೆಂಡತಿ ಹರಟೆ ಹೊಡೆಯುತ್ತ ಮುಂದಿನವರ ಜೊತೆ ಹೋಗಿಯಾಗಿತ್ತು. ಇವರು ನಾಲ್ಕು ಹೆಜ್ಜೆ ಇಟ್ಟು ನಿಲ್ಲುವರು, ಮರ ನೋಡುವರು, ಶೂ ಲೇಸು ಬಿಚ್ಚಿ ಮತ್ತೆ ಕಟ್ಟುವರು. ಈ ಮನುಷ್ಯ ಮೇಲೆ ಹತ್ತಿದ ಹಾಗೇ ಎಂದು ಅವಳು ಒಳಗೊಳಗೇ ಕುದಿದಳು. ಬಂಡೆಯ ತಿರುವಿನಲ್ಲಿ ಮಂಡಿ ಲಟಕ್ಕೆಂದಿತು, ಕೂತವಳಿಗೆ ಏಳಲಾಗಲಿಲ್ಲ.

ನೋವಿಗೆ ಮುಂದುಹಿಂದು ಯೋಚಿಸದೆ ವಾಕಿಟಾಕಿ ಒತ್ತಿದಳು. "ತಮ್ಮಾ, ಮಂಡಿ ಹೋಯ್ತು ಕಣೋ."

"ಸಾಕು ಬಿಡಕ್ಕ, ಚೆನ್ನಾಗಿ ಮಾಡ್ತೀಯ," ಎಂದು ತಮ್ಮ ನಕ್ಕ. ಅವರಿಗೆ ನೀರು ಕುಡಿಸಿ ಕರೆತಾ ಎಂದ.

ಅವಳಿಗೆ ಹೋದ ಜೀವ ಬಂದಂತಾಯಿತು. ನಂಬಲಿಲ್ಲವಲ್ಲ, ಒಳ್ಳೆಯದೇ ಆಯಿತು! ತಪ್ಪನ್ನು ಈ ಡ್ರೈವರ್ ಹೊಟ್ಟೆಯ ಮೇಲೆ ಹೊರಿಸಿ, ಹಲ್ಲು ಕಚ್ಚಿಕೊಂಡು ಕೆಳಗಿಳಿದರೆ ಗುಟ್ಟು ಗುಟ್ಟಾಗಿಯೇ ಉಳಿಯುತ್ತದೆ. ನಿಮಗೆ ಆಗುತ್ತಿಲ್ಲ, ಇಳಿದುಬಿಡೋಣ ಎಂದು ಡ್ರೈವರ್‌ಗೆ ಹೇಳಿಯೂ ಬಿಟ್ಟಳು.

ಅವರು ಅವಳ ಪಕ್ಕ ಕುಕ್ಕರಗಾಲಲ್ಲಿ ಕೂತರು. "ನನಗೇನಾಗಿದೆ ಅಮ್ಮ? ದಿನಾ ಬೆಳಿಗ್ಗೆ ಕೆರೆ ಸುತ್ತ ನಡೀತೀನಿ. ನೀವು ಕೆಳಗಿನಿಂದಲೇ ಕಾಲೆಳೀತಿದ್ರಿ. ಒಬ್ಬರನ್ನೇ ಬಿಟ್ಟು ಹೋಗೋಕೆ ಮನಸ್ಸು ಬರ್ಲಿಲ್ಲ, ಅದಕ್ಕೇ ನಿಧಾನ ಮಾಡಿದೆ."

ಕೆನ್ನೆಗೆ ಬಾರಿಸಿದಂತಾಯಿತು. ಮೊದಲು ಅವರ ಮೇಲೆಯೇ ಸಿಟ್ಟು ಬಂತು. ಆಮೇಲೆ, ಈ ತಿಂಗಳುಗಳಲ್ಲಿ ಇನ್ನೆಷ್ಟು ಜನ ತನ್ನ ಸಲುವಾಗಿ ಹಿಂದೆ ಉಳಿದರೋ ಎಂದು ನೆನೆದು ನಾಚಿಕೆಯಿಂದ ಕುಗ್ಗಿಹೋದಳು. ಇವರನ್ನು ಕಾಯುವವಳು ತಾನು ಎಂದುಕೊಂಡು ಬಂದಿದ್ದಳಲ್ಲ!

ಮತ್ತೆ ವಾಕಿಟಾಕಿ ಒತ್ತಿದಳು.

"ನಾಟಕ ಅಲ್ಲ ಕಣೋ. ಹಿಂದೆ ಬಿದ್ದಿರೋದು ಅವರಲ್ಲ, ನಾನು. ಬಂದು ಕರ್ಕೊಂಡು ಹೋಗು."

ಈ ಸಲ ತಮ್ಮ ನಗದೆ, "ಅಲ್ಲೇ ಇರು ಅಕ್ಕ, ಬಂದೆ," ಅಂದ. ಆಗ ಅವಳು ಗುರುತುಪರಿಚಯವಿಲ್ಲದ ಆ ಡ್ರೈವರ್ ಎದುರಿಗೇ ಗಟ್ಟಿಯಾಗಿ ಅತ್ತುಬಿಟ್ಟಳು.